‘ಜಂಟಿಯಾಗಿಯೂ ಪ್ರತ್ಯೇಕವಾಗಿಯೂ’: ಇದಕ್ಕೆ ಅರ್ಥವಾಗುವ ಕನ್ನಡ ಏನು?

ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ಜಿಎಸ್‌ಟಿ, ರಿಟರ್ನು, ಲೆಡ್ಜರು, ದಿನವೆಲ್ಲ ಇದೇ. ಆಫೀಸಿನಲ್ಲಿ ಕನ್ನಡ ಟೈಪಿಂಗ್ ಬರುವುದು ನನಗೊಬ್ಬನಿಗೇ. ಹಾಗಾಗಿ ಪಾಲುದಾರಿಕೆ ಪತ್ರಗಳನ್ನು ಕನ್ನಡದಲ್ಲಿ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ವರ್ಷಾನುಗಟ್ಟಲೆ ಹಳೇ ಪತ್ರ ನೋಡಿಕೊಂಡು ಹೊಸದು ಬರೆದೆ. ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಈಗ ಒಂದು ಸಾಲಿನಲ್ಲಿ ಸಿಕ್ಕಿಕೊಂಡು ಕೂತಿದ್ದೇನೆ.

ಹೋದ ತಿಂಗಳು ನಮ್ಮ ಸೋದರಮಾವ ಬಂದಿದ್ದರು. ಮಾಯಕೊಂಡದ ಕಡೆ ಹಳ್ಳಿ. ಮೆಕ್ಕೆಜೋಳ, ಸ್ವಲ್ಪ ಅಡಿಕೆ. ಇಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಹಳೇ ಗೆಳೆಯರೊಬ್ಬರ ಜೊತೆ ಸೇರಿ ಇನ್ನೊಂದು ಭಟ್ಟಿ ಹಾಕುವ ಆಸೆ ಅವರಿಗೆ. ಮಾವ ದುಡ್ಡು ಹಾಕುವುದು, ಗೆಳೆಯರು ಭಟ್ಟಿ ನೋಡಿಕೊಳ್ಳುವುದು. ಗೆಳೆಯರಿಗೆ ಹನ್ನೆರಡಾಣೆ, ಮಾವನಿಗೆ ನಾಲ್ಕಾಣೆ. (ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರಲ್ಲಿ. ಆದರೂ ಪಾಲಿನ ಮಾತು ಬಂದರೆ ಹಳಬರಿಗೆ ಇವತ್ತಿಗೂ ಆಣೆಯೇ ಬೇಕು. ಶೇಕಡಾ 25 ಅಂದರೆ ಒಂದು ಕ್ಷಣ ತಡೆದು ‘ಅಂದ್ರೆ ನಾಲ್ಕಾಣೆ’ ಅನ್ನುತ್ತಾರೆ.)

ಮಾವನಿಗೆ ಇಂಗ್ಲಿಷ್ ಬಾರದು. ಓದದೆ ಸಹಿ ಹಾಕುವ ಆಸಾಮಿಯೂ ಅಲ್ಲ. ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ಓದುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು: ‘ಸಂಸ್ಥೆಯ ಸಾಲಗಳಿಗೆ ಪಾಲುದಾರರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯರಾಗಿರುತ್ತಾರೆ.’

“ಇದು ಚಲೋ ಬರದೀಯಪ್ಪ” ಅಂದರು. “ಪ್ರತ್ಯೇಕ ಅಂದ್ರೆ ಅವರದು ಅವರಿಗೆ, ನಂದು ನನಗೆ. ನಾಲ್ಕಾಣೆ ಲಾಭ ತಗಂಡ್ರೆ ನಾಲ್ಕಾಣೆ ಲುಕ್ಸಾನು. ಸರಿ ಐತಿ.”

ಸರಿ ಇಲ್ಲ. ಆ ಸಾಲಿನ ಅರ್ಥ ಪೂರ್ತಿ ಉಲ್ಟಾ.

1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮು ಹೇಳುವುದು ಇಷ್ಟು: ನೀವು ಪಾಲುದಾರರಾಗಿದ್ದಾಗ ಸಂಸ್ಥೆ ಮಾಡಿದ ಎಲ್ಲದಕ್ಕೂ ಎಲ್ಲರೂ ಸೇರಿ ಹೊಣೆ, ಒಬ್ಬೊಬ್ಬರೂ ಹೊಣೆ. ಭಟ್ಟಿಯ ಮೇಲೆ 8 ಲಕ್ಷ ಸಾಲ ಉಳಿಯಿತು ಅನ್ನಿ. ಸಾಲ ಕೊಟ್ಟವನು ಮಾವನ ಹತ್ತಿರ 2 ಲಕ್ಷವನ್ನೇ ಕೇಳಬೇಕು ಅಂತೇನಿಲ್ಲ. ಪೂರ್ತಿ 8 ಲಕ್ಷವನ್ನೂ ಮಾವನಿಂದಲೇ ವಸೂಲಿ ಮಾಡಬಹುದು. ಭಟ್ಟಿಯ ಆಸ್ತಿ ಸಾಲದೇ ಹೋದರೆ ಹೊಲಕ್ಕೂ ಬರಬಹುದು. ಆಮೇಲೆ ಮಾವ ಗೆಳೆಯರನ್ನು ‘ನಿನ್ನ ಪಾಲಿನ 6 ಲಕ್ಷ ಕೊಡು’ ಅಂತ ಕೇಳಬೇಕು. ನಾಲ್ಕಾಣೆ ಹನ್ನೆರಡಾಣೆ ಎಲ್ಲ ಮನೆಯೊಳಗಿನ ಲೆಕ್ಕ. ಹೊರಗಿನವನಿಗೆ ಅದು ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಅವನು ಹಿಡಿಯುವುದು ಕೈಗೆ ಸಿಗುವವರನ್ನು, ಅಂದರೆ ಹೊಲ ಇರುವವರನ್ನು.

ಇದನ್ನು ಬಿಡಿಸಿ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಪ್ರತ್ಯೇಕ ಅಂತ ಯಾಕ್ ಬರದಿ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಹೋಗಿ ಕೂತು ಯೋಚಿಸಿದೆ. ‘ಜಾಯಿಂಟ್ಲಿ ಅಂಡ್ ಸೆವೆರಲಿ’ ಅನ್ನೋದಕ್ಕೆ ಯಾರೋ ಹಿಂದೆ ಈ ಮಾತು ಹಾಕಿದ್ದಾರೆ. ಸಂಸ್ಕೃತದ ಕಡೆಯಿಂದ ನೋಡಿದರೆ ಅವರದು ತಪ್ಪೂ ಅಲ್ಲ. ಪ್ರತಿ, ಏಕ, ಎರಡೂ ಸೇರಿ ಪ್ರತ್ಯೇಕ. ಪ್ರತಿಯೊಬ್ಬನೂ ಅಂತ. ಕಾಯ್ದೆಗೆ ಬೇಕಾದದ್ದೂ ಅದೇ. ಆದರೆ ಕನ್ನಡದಲ್ಲಿ ಈ ಪದ ಹಾದಿ ಬದಲಿಸಿ ಎಷ್ಟೋ ಕಾಲವಾಗಿದೆ. ಪ್ರತ್ಯೇಕ ಕೋಣೆ, ಪ್ರತ್ಯೇಕ ಅಡುಗೆ, ಪ್ರತ್ಯೇಕ ರಾಜ್ಯ. ಎಲ್ಲ ಕಡೆಯೂ ಬೇರೆ ಬೇರೆ ಅಂತಲೇ ಅರ್ಥ. ಒಬ್ಬನ ಮೇಲೆ ಪೂರ್ತಿ ಭಾರ ಅನ್ನೋ ಅರ್ಥ ಯಾರ ಕಿವಿಗೂ ಬೀಳುವುದಿಲ್ಲ. ಪದ ಬರೆದವನ ಮನಸ್ಸಿನಲ್ಲಿ ಸಂಸ್ಕೃತ ಇತ್ತು, ಓದುವವನ ಮನಸ್ಸಿನಲ್ಲಿ ದಾವಣಗೆರೆ ಇದೆ.

ಇನ್ನೊಂದು ಅನುಮಾನ. ದಾರಿ ತಪ್ಪಿಸುವುದು ಆ ಒಂದು ಪದ ಮಾತ್ರ ಅಲ್ಲ, ‘ಪಾಲುದಾರ’ ಅನ್ನೋ ಪದವೇ ಇರಬಹುದು. ನಮ್ಮಲ್ಲಿ ಪಾಲು ಅಂದರೆ ಬಿಡಿಸಿ ಹಂಚುವುದು. ಅಣ್ಣತಮ್ಮಂದಿರು ಪಾಲಾದರು ಅಂದರೆ ಮನೆ ಒಡೆಯಿತು ಅಂತ. ಪಾಲುಪಟ್ಟಿ, ಪಾಲುಪತ್ರ ಅಂದರೆ ಆಸ್ತಿ ಭಾಗ ಮಾಡಿಕೊಂಡ ಕಾಗದ. ಅದೇ ಪಾಲಿಗೆ ಪಾರಸಿಯ ‘ದಾರ’ ಅಂಟಿಸಿದರೆ ಇಬ್ಬರು ಒಂದಾದರು ಅಂತ! ಶಾಲೆಯ ವಾಣಿಜ್ಯ ಪುಸ್ತಕದಲ್ಲಿ ನಾವು ‘ಪಾಲುಗಾರಿಕೆ’ ಓದಿದ್ದು. ಅದರಲ್ಲೂ ಪಾಲು ಪಾಲೇ. ಹೊಲ ಕೋರಿಗೆ (ಬೆಳೆ ಹಂಚಿಕೊಳ್ಳುವ ಕರಾರಿಗೆ) ಮಾಡುವುದನ್ನು ನೋಡಿ. ಮಳೆ ಕೈಕೊಟ್ಟರೆ ಕೋರಿಗೆ ಮಾಡಿದವನ ಬೀಜ, ಗೊಬ್ಬರ, ಬೆವರು ಹೋಗುತ್ತದೆ. ಹೊಲದವನ ಬ್ಯಾಂಕ್ ಸಾಲ ಅವನ ತಲೆಗೆ ಬರುವುದಿಲ್ಲ. ಮಾವ ಹುಟ್ಟಿನಿಂದ ನೋಡಿದ ಪಾಲು ಅದು. ಮಂಡಕ್ಕಿ ಭಟ್ಟಿಯ ಪಾಲೂ ಹಾಗೇ ಅಂದುಕೊಂಡರೆ ಅವರ ತಪ್ಪೇನು?

ಜಾಯಿಂಟ್ ಸ್ಟಾಕ್ ಕಂಪನಿಗೆ ಅದೇ ಪುಸ್ತಕದಲ್ಲಿ ‘ಕೂಡು ಬಂಡವಾಳ ಸಂಸ್ಥೆ’ ಅಂತಿತ್ತು. ಎಷ್ಟು ಚೆಂದದ ಮಾತು. ಕೂಡು ಅನ್ನೋದು ನಿಜವಾಗಿ ಬೇಕಿದ್ದದ್ದು ಪಾಲುದಾರಿಕೆಗೆ. ಅಲ್ಲಿ ಕೂಡುವುದು ಬಂಡವಾಳ ಮಾತ್ರ ಅಲ್ಲ, ಸಾಲವೂ ಕೂಡುತ್ತದೆ.

‘ಬಾಧ್ಯ’ದ್ದು ಬೇರೆಯೇ ಕಥೆ. ಲಯಬಿಲಿಟಿಗೆ ಬಾಧ್ಯತೆ ಅಂತ ಬರೆಯುತ್ತೇವೆ. ಆದರೆ ಜಮೀನಿನ ಪತ್ರಗಳಲ್ಲಿ ‘ಹಕ್ಕುದಾರರು, ಬಾಧ್ಯಸ್ಥರು’ ಅಂತ ಜೋಡಿಯಾಗಿ ಬರುತ್ತದೆ. ಅಲ್ಲಿ ಬಾಧ್ಯಸ್ಥ ಅಂದರೆ ಆಸ್ತಿಯಲ್ಲಿ ಹಕ್ಕು ಇರುವವನು. ಅಂದರೆ ಒಂದೇ ಪದ ಒಂದು ಕಾಗದದಲ್ಲಿ ಕೊಡಬೇಕಾದವನು, ಇನ್ನೊಂದರಲ್ಲಿ ಪಡೆಯಬೇಕಾದವನು. ಜವಾಬ್ದಾರಿ ಅಂದರೆ ತೆಳುವಾಗುತ್ತದೆ. ಜವಾಬು ಕೊಡುವವನು ಜವಾಬ್ದಾರ, ಉತ್ತರ ಹೇಳಿದರೆ ಮುಗಿಯಿತು ಅನ್ನಿಸುತ್ತದೆ. ನನಗೆ ಹಿಡಿಸಿರುವುದು ಹೊಣೆ. ಹಳಗನ್ನಡದಿಂದಲೂ ಹೊಣೆ ಅಂದರೆ ಜಾಮೀನು, ಮತ್ತೊಬ್ಬನಿಗಾಗಿ ತಲೆ ಕೊಡುವುದು. ಪಾಲುದಾರಿಕೆಯಲ್ಲಿ ಆಗುವುದು ಅದೇ ತಾನೇ? ಆದರೆ ‘ಹೊಣೆಗಾರಿಕೆ’ ಅಂತ ಉದ್ದ ಮಾಡಿದ ಕೂಡಲೇ ಅದು ಭಾಷಣದ ಪದ ಆಗಿಬಿಡುತ್ತದೆ. ‘ನಾಗರಿಕರ ಹೊಣೆಗಾರಿಕೆ’ ಅಂದ ಹಾಗೆ.

ಮಾವ ಬಿಡಲಿಲ್ಲ. “ನಾಲ್ಕಾಣೆಗೆ ನಾಲ್ಕಾಣೆ ಅನ್ನೋದು ಯಾವ ಕಾನೂನಿನಾಗೂ ಇಲ್ವೇನು?” ಅಂದರು. ಇದೆ. 2008ರ ಕಾಯ್ದೆಯಿಂದ ಬಂದ ಎಲ್‌ಎಲ್‌ಪಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್. ಅಲ್ಲಿ ಸಂಸ್ಥೆಯ ಸಾಲ ಸಂಸ್ಥೆಯದ್ದು. ಪಾಲುದಾರ ಹಾಕುತ್ತೇನೆ ಅಂತ ಒಪ್ಪಿದ ಹಣ ಹೋಗಬಹುದು. ಅವನೇ ತಪ್ಪು, ಮೋಸ ಮಾಡದಿದ್ದರೆ, ತಾನಾಗಿ ಜಾಮೀನು ಹಾಕದಿದ್ದರೆ, ಮನೆ ಹೊಲದ ತಂಟೆಗೆ ಯಾರೂ ಬರುವಂತಿಲ್ಲ. (ಬ್ಯಾಂಕಿನವರು ಸಾಲ ಕೊಡುವಾಗ ಆ ಜಾಮೀನನ್ನೇ ಮೊದಲು ಕೇಳುತ್ತಾರೆ, ಅದು ಬೇರೆ ಮಾತು.) ಬದಲಿಗೆ ವ್ಯಾಪಾರ ನಡೆಯಲಿ ಬಿಡಲಿ, ಪ್ರತಿ ವರ್ಷ ಮೇ 30ರೊಳಗೆ ಒಂದು ಫಾರಂ, ಅಕ್ಟೋಬರ್ 30ರೊಳಗೆ ಇನ್ನೊಂದು ಹಾಕಲೇಬೇಕು.

ಇದನ್ನು ಕನ್ನಡದಲ್ಲಿ ‘ಸೀಮಿತ ಹೊಣೆಗಾರಿಕೆ ಪಾಲುದಾರಿಕೆ’ ಅಂತ ಬರೆಯುತ್ತಾರೆ. ಬಾಯಿ ತುಂಬ ಅವಲಕ್ಕಿ ಹಾಕಿಕೊಂಡು ಮಾತಾಡಿದ ಹಾಗಿದೆ. ಅರ್ಥವೂ ನೆಟ್ಟಗಿಲ್ಲ. ಸೀಮಿತ ಹೊಣೆಗಾರಿಕೆ ಅಂದರೆ ಅರ್ಧಂಬರ್ಧ ಜವಾಬ್ದಾರಿ ಇರುವ ಮನುಷ್ಯ ಅಂತ ಮಾವನಿಗೆ ಕೇಳಿಸಿತು. “ಅಂಥಾವನ ಜೊತಿ ವ್ಯಾಪಾರ ಯಾರು ಮಾಡ್ತಾರ?” ಅಂದರು.

ಕಂಪನಿಗಳ ‘ಲಿಮಿಟೆಡ್’ ಇನ್ನೂ ವಿಚಿತ್ರ. ಅದಕ್ಕೆ ನಾವು ‘ನಿಯಮಿತ’ ಅಂದಿದ್ದೇವೆ. ಬೆಸ್ಕಾಂನ ಪೂರ್ತಿ ಹೆಸರು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ನಿಯಮಿತ. ಪತ್ತಿನ ಸಹಕಾರ ಸಂಘಗಳ ಬೋರ್ಡಿನ ಕೊನೆಗೆ ‘ನಿ.’ ಅಂತ ಚುಟುಕಾಗಿ ಇರುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಅದನ್ನು ನಿವೃತ್ತ ಅಂತ ಓದಿ, ಈ ಸಂಘಕ್ಕೆ ವಯಸ್ಸಾಯ್ತಾ ಅಂತ ಕೇಳಿದ್ದಳು. ದೊಡ್ಡವರ ಪಾಡೂ ಅಷ್ಟಕ್ಕಷ್ಟೇ. ಡಾಕ್ಟರು ‘ಮಾತ್ರೆ ನಿಯಮಿತವಾಗಿ ತಗೊಳ್ಳಿ’ ಅಂದರೆ ದಿನವೂ ತಪ್ಪದೆ ಅಂತ. ಹಾಗಾದರೆ ಕಂಪನಿ ನಿಯಮಿತ ಅಂದರೆ? ನಿಯಮ ಪಾಲಿಸುವ, ಶಿಸ್ತಿನ ಕಂಪನಿ ಅಂತಲೇ ತುಂಬ ಜನ ತಿಳಿದಿರುವುದು. ಅದೊಂದು ಬಿರುದು ಇದ್ದ ಹಾಗೆ.

ಆದರೆ ಆ ಪದ ಹುಟ್ಟಿದ್ದು ಎಚ್ಚರಿಕೆ ಕೊಡುವುದಕ್ಕೆ. ಬ್ರಿಟನ್ನಿನಲ್ಲಿ 1855ರಲ್ಲಿ ಷೇರುದಾರರ ಹೊಣೆಗೆ ಮಿತಿ ಹಾಕುವ ಕಾಯ್ದೆ ಬಂದಾಗ, ಅಂಥ ಕಂಪನಿ ತನ್ನ ಹೆಸರಿನ ಕೊನೆಗೆ ಲಿಮಿಟೆಡ್ ಅಂತ ಹಾಕಲೇಬೇಕು ಅಂತ ಮಾಡಿದರು. ಇವರಿಗೆ ಸಾಲ ಕೊಡುವವನೇ, ಹುಷಾರು, ಇವರ ಮನೆಮಠ ನಿನ್ನ ಕೈಗೆ ಸಿಗುವುದಿಲ್ಲ ಅಂತ. ನಮ್ಮ 2013ರ ಕಂಪನಿ ಕಾಯ್ದೆಯಲ್ಲೂ ಹೆಸರಿನ ಕೊನೆಗೆ ಲಿಮಿಟೆಡ್, ಪ್ರೈವೇಟ್ ಲಿಮಿಟೆಡ್ ಅಂತ ಇರಬೇಕು ಅನ್ನುವುದು ಅದೇ ದಾರಿ. ಮಿತಿ ಇರುವುದು ಕಂಪನಿಗಲ್ಲ, ಷೇರುದಾರರ ಹೊಣೆಗೆ. ಎಚ್ಚರಿಕೆಯ ಪದವನ್ನು ನಾವು ಶಿಸ್ತಿನ ಪದ ಮಾಡಿಕೊಂಡಿದ್ದೇವೆ. ಇದಕ್ಕಿಂತ ಸುಮ್ನೆ ಲಿಮಿಟೆಡ್ ಅಂತ ಕನ್ನಡದಲ್ಲಿ ಬರೆದರೇ ವಾಸಿ. ‘ಲಿಮಿಟೆಡ್ ಸ್ಟಾಪ್’ ಬಸ್ಸು ಹತ್ತಿದವರಿಗೆಲ್ಲ ಆ ಪದದ ಅರ್ಥ ಗೊತ್ತು: ಎಲ್ಲ ಕಡೆ ನಿಲ್ಲಲ್ಲ.

‘ಕಂಪನಿ ಮಾಲೀಕ’ ಅನ್ನೋದನ್ನೂ ಕೇಳಬೇಕು ಅಂತಿದ್ದೆ. ನಮ್ಮ ಊರಿಗೆ ಕಂಪನಿ ಅಂದರೆ ಮೊದಲು ನೆನಪಾಗುವುದು ನಾಟಕ ಕಂಪನಿ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ. ನಾಟಕದ ಕಂಪನಿಗೆ ಮಾಲೀಕರು ಅಂತ ಇರುತ್ತಾರೆ, ಆ ಮಾತು ಅಲ್ಲಿ ಚೆನ್ನಾಗಿ ಒಪ್ಪುತ್ತದೆ. ಕಾಯ್ದೆಯ ಕಂಪನಿಗೆ ಒಪ್ಪುವುದಿಲ್ಲ. ಷೇರು ಇದ್ದ ಮಾತ್ರಕ್ಕೆ ಕಂಪನಿಯ ಆಸ್ತಿಯಲ್ಲಿ ಷೇರುದಾರನಿಗೆ ಹಕ್ಕು ಬರುವುದಿಲ್ಲ ಅಂತ ಬಾಚಾ ಗುಜ್ದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದೆ. ಕಂಪನಿಯ ಗಲ್ಲಾದಿಂದ ಮನೆ ಖರ್ಚಿಗೆ ದುಡ್ಡು ತೆಗೆದು, ‘ನಂದೇ ಕಂಪನಿ ಅಲ್ವಾ’ ಅನ್ನುವವರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಮಾಲೀಕ ಅನ್ನೋ ಪದ ಇರುವವರೆಗೂ ಅದು ಅವರ ತಲೆಗೆ ಹೋಗುವುದಿಲ್ಲ. ಬದಲಿಗೆ ‘ನಿರ್ದೇಶಕ’ ಅಂದರೆ ಯಾವ ಸಿನಿಮಾ ಅಂತ ಕೇಳುತ್ತಾರೆ. ಒಬ್ಬರೇ ಮಾಡುವ ಕಂಪನಿಯಂತೂ ‘ಏಕವ್ಯಕ್ತಿ ಕಂಪನಿ’. ‘ಸ್ವಲ್ಪ ಕಂಪನಿ ಕೊಡು ಬಾ’ ಅನ್ನುವ ಊರಿನಲ್ಲಿ ಒಬ್ಬನೇ ಯಾರಿಗೆ ಕಂಪನಿ ಕೊಡುತ್ತಾನೋ.

ಪತ್ರದಲ್ಲಿ ಇನ್ನೊಂದು ಪದದ ಬಗ್ಗೆಯೂ ನನಗೆ ಭಯ ಇದೆ. ತೀರಾ ಸಣ್ಣದು: ‘ಬಹುದು’. ಪಾಲುದಾರಿಕೆಯನ್ನು ನೋಂದಾಯಿಸಬಹುದು ಅಂತ ಬರೆಯುತ್ತೇವೆ. ಕಡ್ಡಾಯ ಅಲ್ಲ, ನಿಜ. ಆದರೆ ನೋಂದಾಯಿಸದ ಸಂಸ್ಥೆ ತನ್ನ ವ್ಯವಹಾರದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. 69ನೇ ಕಲಮು. ನಮ್ಮ ಆಫೀಸಿಗೆ ಬರುವ ಇಬ್ಬರು ಮೆಕ್ಕೆಜೋಳ ಕಳಿಸಿ, ದುಡ್ಡು ಬಾರದೆ, ಕೋರ್ಟಿಗೆ ಹೋದರು. ಎದುರು ಪಾರ್ಟಿಯ ವಕೀಲರು ಎದ್ದು ನಿಂತು ಕೇಳಿದ್ದು ಒಂದೇ ಮಾತು, ಸಂಸ್ಥೆ ನೋಂದಣಿ ಆಗಿದೆಯಾ ಅಂತ. ದಾವೆ ವಾಪಸ್ ತೆಗೆದುಕೊಂಡು, ನೋಂದಾಯಿಸಿ, ಮೂರು ವರ್ಷದ ವಾಯಿದೆ ಮುಗಿಯುವುದರೊಳಗೆ ಹೊಸದಾಗಿ ಹಾಕಬೇಕಾಯಿತು. ಅವರ ಕರಾರು ಪತ್ರ ಬರೆದದ್ದು ನಾನೇ. ‘ನೋಂದಾಯಿಸಬಹುದು’ ಅಂತ ಬರೆದವನೂ ನಾನೇ. ಆ ‘ಬಹುದು’ ಓದಿದವರಿಗೆ ‘ಬೇಕಾದರೆ ಮಾಡಿ, ಬಿಟ್ಟರೂ ನಡೆಯುತ್ತೆ’ ಅಂತ ಕೇಳಿಸಿದೆ. ಈಗ ನಾನು ‘ನೋಂದಾಯಿಸದಿದ್ದರೆ ಬಾಕಿ ವಸೂಲಿಗೆ ದಾವೆ ಹಾಕಲು ಬರುವುದಿಲ್ಲ’ ಅಂತಲೇ ಬರೆಯುತ್ತೇನೆ. ಒಂದು ಸಾಲು ಜಾಸ್ತಿ ಆದರೂ ಪರವಾಗಿಲ್ಲ.

ಹಾಗೆಯೇ ಮೊದಲ ಸಾಲನ್ನೂ ಬಿಡಿಸಿ ಬರೆಯುವ ಮನಸ್ಸು. ನನ್ನ ಕರಡು ಹೀಗಿದೆ: ‘ಸಂಸ್ಥೆಯ ಸಾಲಕ್ಕೆ ಎಲ್ಲ ಪಾಲುದಾರರೂ ಕೂಡಿ ಹೊಣೆ. ಪಾಲು ಎಷ್ಟೇ ಇರಲಿ, ಒಬ್ಬೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ.’ ನಮ್ಮ ಆಡಿಟರ್ ಓದಿ, ಅರ್ಥ ಏನೋ ಸರಿ ಇದೆ, ಆದರೆ ವಕೀಲರು ಹಳೇ ಮಾತನ್ನೇ ಹುಡುಕುತ್ತಾರೆ, ಅದು ಕಾಣದಿದ್ದರೆ ತಕರಾರು ತೆಗೆಯುತ್ತಾರೆ ಅಂದರು. ಹಾಗಾದರೆ ಹಳೇ ಮಾತೂ ಇರಲಿ, ಪಕ್ಕದಲ್ಲಿ ಇದೂ ಇರಲಿ ಅನ್ನೋದು ನನ್ನ ವಾದ. ಮಾವ ಕರಡು ಕೇಳಿ ತಮ್ಮದೇ ಒಂದು ಸಾಲು ಕೊಟ್ಟರು: “ಯಾರ ಬಾಗಿಲಿಗೆ ಬಂದ್ರೂ ಪೂರಾ ಕೇಳಬೌದು ಅಂತ ಬರಿ. ಅಷ್ಟು ಬರದ್ರೆ ಯಾರಿಗೆ ತಿಳಿಯಂಗಿಲ್ಲ?”

ಈಗ ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಕಡೆಯ ಪತ್ರ ಬರಹಗಾರರು, ವಕೀಲರು ಈ ಸಾಲನ್ನು ಹೇಗೆ ಬರೆಯುತ್ತಾರೆ? ಮಂಗಳೂರು, ಧಾರವಾಡ, ಕಲಬುರಗಿ ಕಡೆಯ ಹಳೇ ಕರಾರು ಪತ್ರಗಳಲ್ಲಿ ಬೇರೆ ಮಾತು ಇದೆಯಾ? ಪಾಲು ಅನ್ನೋ ಪದವೇ ಬಾರದೆ, ಕೂಡಿ ವ್ಯಾಪಾರ ಮಾಡುವುದಕ್ಕೆ ಊರ ಮಾತು ಯಾವುದಾದರೂ ಇದ್ದರೆ ಅದೂ ಬೇಕು. ‘ನಿಯಮಿತ’ ಮೊದಲು ಎಲ್ಲಿಂದ ಬಂತು ಅಂತ ಗೊತ್ತಿದ್ದವರು ಹೇಳಿ.

ಮಾವ ಬರುವ ಸೋಮವಾರ ಮೆಕ್ಕೆಜೋಳ ತಗೊಂಡು ಎಪಿಎಂಸಿಗೆ ಬರುತ್ತಾರೆ. ಲೋಡು ಇಳಿಸಿದ ಮೇಲೆ ಸೀದಾ ಆಫೀಸಿಗೆ. ಎಲ್‌ಎಲ್‌ಪಿ ಬೇಡ, ಪಾಲುದಾರಿಕೆಯೇ ಸಾಕು ಅಂತ ತೀರ್ಮಾನ ಮಾಡಿದ್ದಾರೆ. ಆದರೆ ಆ ಸಾಲು ಸರಿಯಾಗುವವರೆಗೆ ಸಹಿ ಇಲ್ಲವಂತೆ.