ಪೂರ್ತಿ ಡ್ರಾಯಿಂಗ್ ಇಲ್ಲದ 6,200 ಚದರಡಿ ಮನೆಗೆ ವೈರಿಂಗ್ ಎಸ್ಟಿಮೇಟ್ ಹೇಗೆ ಕೊಡೋದು? ಅನುಭವ ಇದ್ದವರು ಹೇಳಿ

ಹಾಸನ ವೈರಿಂಗ್: ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಇದೇ ಕೆಲಸ, ಆದರೆ ಮಾಡಿದ್ದೆಲ್ಲ 30x40 ಅಡಿ ಸೈಟಿನ ಮನೆಗಳು. ಈಗ ಕಾಫಿ ತೋಟದವರೊಬ್ಬರ ಮನೆ ಬಂದಿದೆ. ಎರಡು ಮಹಡಿ, 6,200 ಚದರಡಿ. ಕೈಲಿರೋದು ಗೋಡೆ, ಬಾಗಿಲು ತೋರಿಸೋ ಪ್ಲಾನ್ ಮಾತ್ರ. ಎಲೆಕ್ಟ್ರಿಕಲ್ ಲೇಔಟ್ ಇಲ್ಲ, ಇಂಟೀರಿಯರ್‌ನವರು ಯಾರು ಅಂತಲೇ ಗೊತ್ತಾಗಿಲ್ಲ. ಲಿಫ್ಟು, ಥಿಯೇಟರ್ ರೂಮು "ಆಮೇಲೆ ನೋಡೋಣ" ಅಂತಾರೆ. ಆದರೆ ಒಟ್ಟು ಎಷ್ಟಾಗುತ್ತೆ ಅಂತ ಈ ವಾರವೇ ಹೇಳಬೇಕಂತೆ. ಹನ್ನೆರಡು ದಿನಕ್ಕೆ ಮೊದಲ ಸ್ಲ್ಯಾಬ್. ನೀವಾಗಿದ್ರೆ ಏನು ಮಾಡ್ತಿದ್ರಿ?

ತುಮಕೂರು ಮೇಸ್ತ್ರಿ: ಒಟ್ಟು ಮೊತ್ತ ಮಾತ್ರ ಹೇಳಬೇಡಿ ಅಣ್ಣ. ನಾನು ಹೇಳಿ ಅನುಭವಿಸಿದ್ದೀನಿ. 2023ರ ಕೊನೆಗೆ 5,400 ಚದರಡಿ ಮನೆ, ಇದೇ ಥರ ಬರೀ ಗೋಡೆ ಪ್ಲಾನು. 310 ಪಾಯಿಂಟ್ (ಒಂದೊಂದು ಲೈಟು, ಫ್ಯಾನು, ಸಾಕೆಟ್ಟಿಗೆ ಎಳೆಯೋ ವೈರಿಂಗ್ ಒಂದೊಂದು ಪಾಯಿಂಟು) ಅಂತ ಅಂದಾಜು ಹಾಕಿ, ಮೆಟೀರಿಯಲ್ ಸೇರಿಸಿ 6,20,000ಕ್ಕೆ ಒಪ್ಪಿಕೊಂಡೆ. ಪ್ಲಾಸ್ಟರ್ ಆದಮೇಲೆ ಇಂಟೀರಿಯರ್ ಹುಡುಗಿ ಬಂದ್ಲು. ಒಂದು ಬೆಡ್‌ರೂಮಿಗೆ ನಾನು ಹಿಡಿದಿದ್ದು ಒಂದು ಫ್ಯಾನು, ಎರಡು ಟ್ಯೂಬು. ಅವಳ ಡ್ರಾಯಿಂಗಲ್ಲಿ ಫಾಲ್ಸ್ ಸೀಲಿಂಗ್ ಒಳಗೆ ಎಂಟು ಸ್ಪಾಟು, ಸುತ್ತ ಸ್ಟ್ರಿಪ್ ಲೈಟು, ವಾರ್ಡ್‌ರೋಬ್ ಒಳಗೆ ಸೆನ್ಸರ್, ಕರ್ಟನ್ ಮೋಟಾರು, ಮಂಚದ ಎರಡೂ ಕಡೆ ಟೂ ವೇ, ಅಂದ್ರೆ ಒಂದೇ ದೀಪಕ್ಕೆ ಎರಡು ಕಡೆ ಸ್ವಿಚ್ಚು. ಐದು ಬೆಡ್‌ರೂಮೂ ಹಂಗೇ. ಕೊನೆಗೆ 468 ಪಾಯಿಂಟು.

ಲೆಕ್ಕ ಇನ್ನೂ ಡೈರಿಯಲ್ಲಿದೆ. ಒಂದೂವರೆ ಎಂಎಂ ವೈರ್ ಕಾಯಿಲ್ 23 ಜಾಸ್ತಿ, 2,350ರಂತೆ 54,050. ಮೇಸ್ತ್ರಿಗೆ 1,100, ಹೆಲ್ಪರ್‌ಗೆ 750, ಹೆಚ್ಚುವರಿ 34 ದಿನಕ್ಕೆ 62,900. ಸ್ವಿಚ್ಚು, ಪ್ಲೇಟು 41,000. ಎಂಟು ವೇ ಡಿಬಿ (ಮನೆಯ ಕರೆಂಟ್ ಹಂಚೋ ಬೋರ್ಡು) ಹೋಗಿ ಹನ್ನೆರಡು ವೇ, ಜೊತೆಗೆ ಕರೆಂಟ್ ಸೋರಿದ್ರೆ ಟ್ರಿಪ್ ಆಗೋ ಆರ್‌ಸಿಸಿಬಿಗಳು, 19,500. ಒಟ್ಟು 1,77,450 ಕೈಯಿಂದ ಹೋಯ್ತು. ಅದೇ ಹೊತ್ತಿಗೆ ತಾಮ್ರ ಏರ್ತಾ ಇತ್ತು. 2024ರ ಮೇನಲ್ಲಿ ಲಂಡನ್ ಮಾರ್ಕೆಟ್ಟಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. 90 ಮೀಟರಿನ ನಾಲ್ಕು ಎಂಎಂ ಕಾಯಿಲಲ್ಲಿ ಮೂರು ಕೆಜಿ ಮೇಲೆ ತಾಮ್ರ ಇರುತ್ತೆ. ರೇಟ್ ಏರಿದ್ರೆ ಯಾರ ಜೇಬಿಂದ? ಚೀಟಿ ಎತ್ತಿ ಅಂಗಡಿ ಬಾಕಿ ತೀರಿಸಿದೆ.

ಹುಬ್ಬಳ್ಳಿ ಪವರ್: ತುಮಕೂರು ಅಣ್ಣಾರ ತಪ್ಪು ಅಲ್ಲೇ ಐತಿ, ಪಾಯಿಂಟ್ ರೇಟ್ ಹಾಕಬೇಕಿತ್ತರಿ. ನಾ ಇಪ್ಪತ್ತು ವರ್ಷದಾಗ ಒಂದು ಮನೀಗೂ ಒಟ್ಟು ರೊಕ್ಕ ಹೇಳಿಲ್ಲ. ಲೈಟ್ ಪಾಯಿಂಟಿಗೆ ಇಷ್ಟು, ಹದಿನೈದು ಆಂಪ್ಸಿಗೆ ಇಷ್ಟು, ಎಸಿಗೆ ಇಷ್ಟು. ಮೇನ್ ಲೈನು, ಡಿಬಿ, ಅರ್ಥಿಂಗ್ ಬ್ಯಾರೆ. ಪ್ಲಾಸ್ಟರಿಗಿಂತ ಮೊದಲ ಮಾಲಕರನ್ನ, ಅವರ ಮನಿಯವ್ರನ್ನ ಕರಕೊಂಡು ಖೋಲಿ ಖೋಲಿ ಅಡ್ಡಾಡತೀನಿ. ಮಂಚ ಎಲ್ಲಿ, ಮಿಕ್ಸರ್ ಎಲ್ಲಿ, ದೇವರ ಮನಿ ದೀಪ ಎಲ್ಲಿ ಅಂತ ಕೇಳಿ ಗ್ವಾಡಿ ಮ್ಯಾಲೆ ಚಾಕ್‌ಪೀಸಲೆ ಬರೀತೀನಿ. ಹೋದ ವರ್ಷ ವಿದ್ಯಾನಗರದಾಗ ಒಂದು ಮನಿ ಹಿಂಗ ಮಾಡಿದೆ, 394 ಪಾಯಿಂಟ್, ಒಂದು ರೂಪಾಯಿ ತಕರಾರಿಲ್ಲದ ಕೊಟ್ಟಾರ. ಈಗ ಅವರ ತಮ್ಮನ ಮನಿನೂ ನನಗ ಕೊಟ್ಟಾರ.

ಮೈಸೂರು ಮನೆ ಮಾಲೀಕ: ನಾನು ಎಲೆಕ್ಟ್ರಿಷಿಯನ್ ಅಲ್ಲ, ದುಡ್ಡು ಕೊಟ್ಟವನು. ಈ ಪಾಯಿಂಟ್ ರೇಟ್ ನಂಬಿ ನಾನು ಹಾಳಾದೆ. 1,950ರಂತೆ 212 ಪಾಯಿಂಟು, 4,13,400 ಅಂದರು. ಬಿಲ್ಲು ಬಂದಾಗ 341 ಪಾಯಿಂಟು, 6,64,950. ಮೆಟ್ಟಿಲ ದೀಪ ಒಂದೇ, ಕೆಳಗೊಂದು ಮೇಲೊಂದು ಸ್ವಿಚ್ಚಿದೆ ಅಂತ ಎರಡು ಪಾಯಿಂಟು! ಟಿವಿ ಹಿಂದೆ ಒಂದೇ ಪ್ಲೇಟಲ್ಲಿ ನಾಲ್ಕು ಸಾಕೆಟ್ ಇದ್ರೆ ನಾಲ್ಕು ಪಾಯಿಂಟು! ಬ್ಯಾಂಕ್ ಸಾಲದ ದುಡ್ಡೆಲ್ಲ ಖರ್ಚಾಗಿ ಹೋಗಿತ್ತು, ಕಾಂಪೌಂಡ್ ಕೆಲಸ ನಿಲ್ಲಿಸಿ ಇವರಿಗೆ ಕೊಟ್ಟೆ. ಇಷ್ಟು ಕೊಟ್ಟರೂ ಸ್ವಿಚ್ ಬಾಕ್ಸುಗಳಿಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಎಳೆದಿರಲಿಲ್ಲ. ಮೊಬೈಲಿಂದ ಲೈಟು ಹಾಕೋ ಆಟೊಮೇಷನ್‌ನವರು ಬಂದು ಬಾಕ್ಸ್ ಬಿಚ್ಚಿ ನೋಡಿ "ಸರ್, ನ್ಯೂಟ್ರಲ್ ಇಲ್ಲದೆ ಇಲ್ಲಿ ನಮ್ಮ ಮಾಡ್ಯೂಲ್ ಕೂರಲ್ಲ" ಅಂದರು. ಪೈಂಟ್ ಆಗಿದ್ದ ಗೋಡೆ ಮೂರು ಕಡೆ ಒಡೆದೆವು. ನಮ್ಮ ತಾಯಿ ರೂಮಿನ ಗೋಡೆ ಮೇಲೆ ಆ ತೇಪೆ ಈಗಲೂ ಕಾಣುತ್ತೆ.

ಹುಬ್ಬಳ್ಳಿ ಪವರ್: ಮೈಸೂರು ಸಾಹೇಬ್ರ, ಟೂ ವೇ ಅಂದ್ರ ಎರಡು ಬಾಕ್ಸು, ನಡುವ ಎರಡು ತಂತಿ ಹೆಚ್ಚಿಗಿ, ಗ್ವಾಡಿ ಕಟಿಂಗ್ ಎರಡು ಕಡೆ. ಎರಡು ಪಾಯಿಂಟ್ ಹಿಡಿಯೋದರಾಗ ಮೋಸ ಏನೈತಿ? ಆಟೊಮೇಷನ್ ಹಾಕಸ್ತೀವಿ ಅಂತ ನೀವು ಮೊದಲ ಹೇಳಿದ್ರೇನು? ಹೇಳದ ಇದ್ರ ನ್ಯೂಟ್ರಲ್ ಯಾಕ ಎಳೀಬೇಕು ಅವರು?

ಮೈಸೂರು ಮನೆ ಮಾಲೀಕ: ಕೇಳಬೇಕಾದವರು ಅವರು! ನನಗೆ ನ್ಯೂಟ್ರಲ್ ಅಂದ್ರೇನು ಅಂತ ಗೊತ್ತಿದ್ರೆ ನಾನೇ ಎಳ್ಕೋತಿದ್ದೆ. ಒಂದು ಪಾಯಿಂಟ್ ಅಂದ್ರೆ ಏನೇನು ಸೇರುತ್ತೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದೀರಾ ನೀವು, ಯಾವತ್ತಾದ್ರೂ?

ಹುಬ್ಬಳ್ಳಿ ಪವರ್: ಕೊಟ್ಟೀನಿ. ಪ್ರತಿ ಮನೀಗೂ ಕೊಟ್ಟೀನಿ. ಯಾರೋ ಮಾಡಿದ್ದಕ್ಕ ನನ್ನ ಮ್ಯಾಲೆ ಯಾಕ ಹಾಯ್ತೀರಿ?

ಮಂಗಳೂರು ಸೂಪರ್‌ವೈಸರ್: ಪಾಯಿಂಟ್ ಪಾಯಿಂಟ್ ಅಂತ ಜಗಳ ಆಡ್ತೀರಿ, ಮನೆಗೆ ಕರೆಂಟ್ ಬರುವ ದಾರಿ ಯಾರೂ ನೋಡುವುದಿಲ್ಲ. ದೊಡ್ಡ ಮನೆಯಲ್ಲಿ ನನಗೆ ಪೆಟ್ಟು ಬಿದ್ದದ್ದು ಅಲ್ಲಿ. ಗುಡ್ಡದ ಮೇಲಿನ ಮನೆ, ಲೋಡ್ 25 ಕಿಲೋವ್ಯಾಟ್, ತ್ರೀ ಫೇಸ್. ಕಂಬದಿಂದ ಮೀಟರಿಗೆ 25 ಮೀಟರ್ ಅಂತ ಹಿಡಿದಿದ್ದೆ. ಆಮೇಲೆ ವಾಸ್ತು ಅಂತ ಗೇಟು ಆಚೆ ಬದಿಗೆ ಹೋಯಿತು, ಮೀಟರ್ ಬಾಕ್ಸೂ ಅದರ ಹಿಂದೆ ಹೋಯಿತು. ಆಯಿತು 85 ಮೀಟರ್. ನಾಲ್ಕು ಕೋರ್ ಆರ್ಮರ್ಡ್ (ಲೋಹದ ಕವಚದ) ಕೇಬಲ್ 60 ಮೀಟರ್ ಜಾಸ್ತಿ, ಮುರಕಲ್ಲಿನಲ್ಲಿ ಕಾಲುವೆ ಕಡಿಯಲಿಕ್ಕೆ ಒಂಬತ್ತು ದಿನ. ಕೇಬಲಿಗಿಂತ ಕಡಿತಕ್ಕೇ ಜಾಸ್ತಿ ಹೋಯಿತು. ಅರ್ಥಿಂಗ್ ಒಂದು ಗುಂಡಿ ತೆಗೆದೆ, ರೆಸಿಸ್ಟೆನ್ಸ್ ಅಳೆದರೆ 14 ಓಮ್, ತುಂಬಾ ಜಾಸ್ತಿ. ಮೂರು ಗುಂಡಿ ತೆಗೆದು ಒಟ್ಟಿಗೆ ಜೋಡಿಸಿದ ಮೇಲೆ 5ರ ಹತ್ತಿರ ಬಂತು. ಎಸ್ಟಿಮೇಟಿನಲ್ಲಿ ಇದ್ದದ್ದು ಒಂದೇ ಗುಂಡಿ. ಮಲೆನಾಡಿನ ಸಿಡಿಲು ಗೊತ್ತಲ್ಲ ಮಾರಾಯ್ರೆ, ಅರ್ಥಿಂಗಿನಲ್ಲಿ ಉಳಿಸಲಿಕ್ಕೆ ಹೋಗಬಾರದು. ಅರ್ಥಿಂಗಿನ ಸ್ಟ್ಯಾಂಡರ್ಡ್ ಐಎಸ್ 3043 ಒಮ್ಮೆ ಓದಿ. ಲೈಸೆನ್ಸ್ ಇಲ್ಲದವರು ಇಂಥ ಮನೆಗೆ ಕೈ ಹಾಕಲೇಬಾರದು.

ತುಮಕೂರು ಮೇಸ್ತ್ರಿ: ಲೈಸೆನ್ಸ್ ಮಾತು ಯಾರಿಗೆ ಹೇಳ್ತಿದ್ದೀರಿ ಸರ್? ಲೈಸೆನ್ಸ್ ಇಟ್ಕೊಂಡು ಸೈಟಿಗೆ ಒಂದು ದಿನವೂ ಬರದೆ, ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿ 8,000 ಇಸ್ಕೊಂಡು ಹೋದವರನ್ನ ನೋಡಿದ್ದೀನಿ. ಸ್ಲ್ಯಾಬ್ ಮೇಲೆ ಬಿಸಿಲಲ್ಲಿ ಪೈಪ್ ಕಟ್ಟೋರು ನಾವು. ಇದ್ದಿಲು ಉಪ್ಪು ಹಾಕಿ ವರ್ಷಕ್ಕೊಮ್ಮೆ ನೀರು ಬಿಟ್ರೆ ಒಂದು ಗುಂಡಿ ಸಾಕು, ನಮ್ಮ ಕಡೆ.

ಮಂಗಳೂರು ಸೂಪರ್‌ವೈಸರ್: ನಿಮ್ಮ ಕಡೆ ಮಣ್ಣು, ನಮ್ಮ ಕಡೆ ಕಲ್ಲು. ಅಳೆಯದೆ "ಸಾಕು" ಅಂತ ಹೇಗೆ ಹೇಳ್ತೀರಿ? ಅರ್ಥ್ ಟೆಸ್ಟರ್ ಇಟ್ಟು ನೋಡಿದ್ದೀರಾ? ಮತ್ತೆ, ನಾನು ದುಡ್ಡು ತಗೊಂಡು ಕಣ್ಣು ಮುಚ್ಚಿ ಸಹಿ ಹಾಕಿದವನಲ್ಲ. ಆ ಮಾತು ವಾಪಸ್ ತಗೊಳ್ಳಿ.

ಹಾಸನ ವೈರಿಂಗ್: ದಯವಿಟ್ಟು ಜಗಳ ಬೇಡ. ನನಗೆ ಹೆದರಿಕೆ ಇರೋದು ಸ್ಲ್ಯಾಬಿದು. ಡ್ರಾಯಿಂಗೇ ಇಲ್ಲದೆ ಕಾಂಕ್ರೀಟ್ ಒಳಗೆ ವೈರ್ ಹೋಗೋ ಪೈಪ್ ಎಲ್ಲಿ ಬಿಡಲಿ?

ತುಮಕೂರು ಮೇಸ್ತ್ರಿ: ಸ್ಲ್ಯಾಬಿನ ಕೆಲಸಕ್ಕೆ ಬೇರೆ ರೇಟ್ ಹೇಳಿ, ಆ ದುಡ್ಡು ಕಾಂಕ್ರೀಟಿಗೆ ಮೊದಲೇ ತಗೊಳ್ಳಿ. ಉಳಿದದ್ದು ಡ್ರಾಯಿಂಗ್ ಬಂದಮೇಲೆ. ಪ್ರತಿ ರೂಮಿಗೆ ಮಧ್ಯ ಫ್ಯಾನ್ ಬಾಕ್ಸು, ನಾಲ್ಕು ಡೀಪ್ ಬಾಕ್ಸು, ಡಿಬಿ ಕಡೆಗೆ ಎರಡು ಖಾಲಿ 25 ಎಂಎಂ ಪೈಪು ಬಿಟ್ಟುಬಿಡಿ. ಥಿಯೇಟರ್ ರೂಮಿಗೆ ನಾಲ್ಕು ಪೈಪ್ ಬಿಡಿ. ಪೈಪ್ ಅಗ್ಗ, ಸ್ಲ್ಯಾಬ್ ಕೊರೆಯೋದು ಮಹಾಪಾಪ. ಕಾಂಕ್ರೀಟ್ ಹಾಕೋ ಬೆಳಿಗ್ಗೆ, ಟೇಪು ಗೋಡೆ ಅಂಚಿಗೆ ಹಿಡಿದು ಒಂದೊಂದು ಬಾಕ್ಸಿನ ದೂರ ಕಾಣೋ ಹಾಗೆ ಮೊಬೈಲಲ್ಲಿ ವಿಡಿಯೊ ಮಾಡಿ, ಮಾಲೀಕರಿಗೂ ಕಳಿಸಿ.

ಮೈಸೂರು ಮನೆ ಮಾಲೀಕ: ಅಂಥ ವಿಡಿಯೊ ನನಗೆ ಯಾರೂ ಕೊಡಲಿಲ್ಲ. ಫಾಲ್ಸ್ ಸೀಲಿಂಗ್‌ನವರು ಡ್ರಿಲ್ ಹಾಕಿ ಎರಡು ಕಡೆ ಪೈಪ್ ತೂತು ಮಾಡಿದರು. ಅದಕ್ಕೂ ನನ್ನ ಹತ್ತಿರವೇ 11,000 ತಗೊಂಡರು.

ಹುಬ್ಬಳ್ಳಿ ಪವರ್: ಕೇಳಿದ್ರೇನ್ರಿ ನೀವು, ವಿಡಿಯೊ ಕೊಡ್ರಿ ಅಂತ?