ಬಾಂಬ್ ದಾಳಿಗೆ ಹೆದರಿನೇ ಅಗಲ ರೋಡು ಮಾಡಿದ್ದಾ? ಕಾಂಕ್ರೀಟ್ ಸಿಮ್ಯುಲೇಷನ್ ಮಾಡೋರೂ ಸ್ವಲ್ಪ ಬನ್ನಿ

ರೀಬಾರ್_ರಾಯ
ಎಲ್ರಿಗೂ ನಮಸ್ಕಾರ. ಎಂಟೆಕ್ ಪ್ರಾಜೆಕ್ಟಿಗೆ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಬ್ಲಾಸ್ಟ್ ಲೋಡ್ (ಸ್ಫೋಟದ ಒತ್ತಡ) ಹಾಕಿ ಎಲ್‌ಎಸ್-ಡೈನಾ ಅನ್ನೋ ಸಾಫ್ಟ್‌ವೇರಲ್ಲಿ ಸಿಮ್ಯುಲೇಷನ್ ಮಾಡ್ತಾ ಇದೀನಿ. ಮೊದಲನೇ ಚಾಪ್ಟರಿಗೆ ಹಿನ್ನೆಲೆ ಬೇಕು, ವಿಮಾನದಾಳಿಯಿಂದ ಊರುಗಳ ಪ್ಲಾನಿಂಗ್ ಹೆಂಗೆ ಬದಲಾಯ್ತು ಅಂತ ಬರಿ ಅಂದಿದಾರೆ ಗೈಡು. ಹುಡುಕಿದ ಕಡೆಯೆಲ್ಲಾ ಒಂದೇ ರಾಗ, ಅಗಲ ರೋಡು, ಬಿಡಿ ಬಿಡಿ ಟವರು, ಊರಾಚೆ ಬಡಾವಣೆ ಎಲ್ಲಾ ಬಾಂಬಿಗೆ ಹೆದರಿ ಮಾಡಿದ್ದು ಅಂತ. ಇದು ಎಷ್ಟು ನಿಜ? ಇನ್ನೊಂದು ಡೌಟು, ನನ್ನ ಒಂದು ಸ್ಲ್ಯಾಬ್ ರನ್ ಆಗೋಕೇ ರಾತ್ರಿಯೆಲ್ಲಾ ಬೇಕು, ಕಂಪ್ಯೂಟರ್ರೇ ಇಲ್ದಿದ್ದ ಕಾಲದಲ್ಲಿ ಇದನ್ನೆಲ್ಲಾ ಹೆಂಗಪ್ಪಾ ಲೆಕ್ಕ ಹಾಕ್ತಿದ್ರು?

ಹಳೇನಕ್ಷೆ
ಅರ್ಧ ನಿಜ ಅಷ್ಟೇ. ಬಹಳ ಕಡೆ ಪ್ಲಾನ್ ಮೊದಲೇ ಇತ್ತು, ಬಾಂಬು ಜಾಗ ಖಾಲಿ ಮಾಡಿ ಕೊಡ್ತು. ಇಂಗ್ಲೆಂಡಿನ ಕಾವೆಂಟ್ರಿ ಮೇಲೆ ದೊಡ್ಡ ದಾಳಿ ಆಗಿದ್ದು 1940ರ ನವೆಂಬರ್ 14ಕ್ಕೆ, ಆದ್ರೆ ಅಲ್ಲಿನ ಸಿಟಿ ಆರ್ಕಿಟೆಕ್ಟ್ ಡೊನಾಲ್ಡ್ ಗಿಬ್ಸನ್ ತಂಡ ಊರಿನ ನಡುಮಧ್ಯವನ್ನ ಹೊಸದಾಗಿ ಹೆಂಗೆ ಕಟ್ಬಹುದು ಅಂತ ಅದೇ ವರ್ಷ ಮೇ ತಿಂಗಳಲ್ಲೇ ಎಕ್ಸಿಬಿಷನ್ ಇಟ್ಟು ಜನಕ್ಕೆ ತೋರಿಸಿತ್ತು. ಆರ್ಕಿಟೆಕ್ಟ್ ಲೆ ಕಾರ್ಬುಸಿಯೇ ಕೂಡ ಅಷ್ಟೇ, ಪಾರ್ಕ್ ಮಧ್ಯೆ ಟವರ್ ಅನ್ನೋ ಚಿತ್ರ 1920ರ ದಶಕದಿಂದಲೇ ಬರೀತಿದ್ದ, ಆಮೇಲೆ 30ರ ದಶಕದಲ್ಲಿ ನೋಡಿ ನೆಲದ ಮೇಲೆ ಕಟ್ಟಡ ಕಮ್ಮಿ ಇದ್ರೆ ಬಾಂಬು ಗುರಿ ತಪ್ಪುತ್ತೆ, ಕಂಬದ ಮೇಲೆ ಎತ್ತಿ ಕಟ್ಟಿದ್ರೆ ವಿಷಾನಿಲ ಕೆಳಗಿಂದ ಗಾಳಿಗೆ ಹೋಗ್ಬಿಡುತ್ತೆ ಅಂತ ಸೇರಿಸಿದ. ಔಷಧಿ ಮೊದಲೇ ಕೈಲಿಟ್ಕೊಂಡು ಕಾಯಿಲೆ ಹುಡುಕಿದಂಗೆ.

ನೇರ ಸಂಬಂಧ ಬೇಕಾದ್ರೆ ಜಪಾನ್ ನೋಡಿ. ಬೆಂಕಿ ಹರಡಬಾರದು ಅಂತ ಸರ್ಕಾರವೇ ಮನೆಗಳ ಸಾಲುಗಳನ್ನ ಕೆಡವಿಸಿ ಖಾಲಿ ಪಟ್ಟಿ ಮಾಡ್ತಿತ್ತು. 1945ರ ಆಗಸ್ಟ್ 6ರ ಬೆಳಗ್ಗೆ ಹಿರೋಷಿಮಾದಲ್ಲಿ ಸಾವಿರಾರು ಶಾಲಾ ಮಕ್ಕಳು ಇದೇ ಕೆಲಸದಲ್ಲಿ ಬಯಲಲ್ಲಿದ್ರು, ಬಹುಪಾಲು ಅಲ್ಲೇ ಹೋದ್ರು. ಇವತ್ತು ಅಲ್ಲಿರೋ 100 ಮೀಟರ್ ಅಗಲದ ಪೀಸ್ ಬುಲೆವಾರ್ಡ್ ಅಂಥದ್ದೇ ಪಟ್ಟಿ ಮೇಲೆ ಬಂದಿದ್ದು. ನಗೋಯಾದಲ್ಲೂ ಯುದ್ಧ ಮುಗಿದ್ಮೇಲೆ 100 ಮೀಟರ್ ರೋಡು ಮಾಡಿದ್ರು.

ಮೆಶ್_ಮಾಮ
ಲೆಕ್ಕದ ವಿಷಯಕ್ಕೆ ನಾನು ಹೇಳ್ತೀನಿ. ಆಗ ಬಾಂಬ್ ಬಿದ್ದ ಊರೇ ಅವರ ಲ್ಯಾಬು. ಬರ್ನಾಲ್, ಆತ ಕ್ರಿಸ್ಟಲ್ ರಚನೆ ಓದಿದ ವಿಜ್ಞಾನಿ, ಜೊತೆಗೆ ಪ್ರಾಣಿಶಾಸ್ತ್ರಜ್ಞ ಝಕರ್‌ಮನ್, ಇಬ್ಬರೂ ಹಲ್ ಮತ್ತೆ ಬರ್ಮಿಂಗ್‌ಹ್ಯಾಮ್ ಊರುಗಳಲ್ಲಿ ಆದ ಹಾನಿಯನ್ನ ಸರ್ವೆ ಮಾಡಿಸಿದ್ರು. ಒಂದು ಸ್ಫೋಟದ ಲೆಕ್ಕದಿಂದ ಬೇರೆ ಸೈಜಿನ ಸ್ಫೋಟದ ಲೆಕ್ಕ ತೆಗೆಯೋಕೆ (ಸ್ಕೇಲಿಂಗ್) ಹಾಪ್‌ಕಿನ್ಸನ್ 1915ರಲ್ಲೇ ಕೊಟ್ಟ ಘನಮೂಲದ ನಿಯಮ ಇತ್ತು, ಸ್ಫೋಟಕ 8 ಪಟ್ಟು ಆದ್ರೆ ಅದೇ ಒತ್ತಡ 2 ಪಟ್ಟು ದೂರದಲ್ಲಿ ಸಿಗುತ್ತೆ ಅಂತ, ನೀವು ಈಗ ಹಾಕ್ತಿರೋ ಬ್ಲಾಸ್ಟ್ ಲೋಡ್ ಕಾರ್ಡ್ (ಸಾಫ್ಟ್‌ವೇರಿಗೆ ಕೊಡೋ ಇನ್‌ಪುಟ್) ಒಳಗೂ ಇರೋದು ಅದೇ.

ಮಾರಿಸನ್ ಶೆಲ್ಟರ್ ಬಗ್ಗೆ ಖಂಡಿತ ಬರೀರಿ. 1941ರದ್ದು, ಮನೆಯೊಳಗೇ ಇಡೋ ಸ್ಟೀಲ್ ಟೇಬಲ್ಲು, ರಾತ್ರಿ ಅದರ ಕೆಳಗೆ ಮಲಗೋದು. ಎಂಜಿನಿಯರ್ ಜಾನ್ ಬೇಕರ್ ಅದನ್ನ ಬಗ್ಗದಂಗೆ ಡಿಸೈನ್ ಮಾಡ್ಲಿಲ್ಲ, ಮೇಲಿನ ಮಹಡಿ ಕುಸಿದು ಬಿದ್ರೆ ಒಂದಿಷ್ಟು ಬಗ್ಗಿ ಶಕ್ತಿ ಹೀರ್ಕೊಳ್ಳಲಿ, ಒಳಗಿರೋರಿಗೆ ಜಾಗ ಉಳಿದ್ರೆ ಸಾಕು ಅಂತ ಮಾಡಿದ. ಸ್ಟೀಲಿನ ಪ್ಲಾಸ್ಟಿಕ್ ಥಿಯರಿ (ಮುರಿಯದೆ ಶಾಶ್ವತವಾಗಿ ಬಗ್ಗೋದರ ಲೆಕ್ಕ) ಜೀವ ಉಳಿಸಿದ್ದು ಅಂದ್ರೆ ಇದೇ, ನನಗಂತೂ ಇಡೀ ಕಥೆಯಲ್ಲಿ ಇಷ್ಟ ಆಗೋ ಭಾಗ.

ಇನ್ನು ನಿಮ್ಮ ಸಾಫ್ಟ್‌ವೇರಿನ ಅಜ್ಜ ಡೈನಾ3ಡಿ, 1976ರಲ್ಲಿ ಹಾಲ್‌ಕ್ವಿಸ್ಟ್ ಅನ್ನೋರು ಅಮೆರಿಕದ ಅಣ್ವಸ್ತ್ರ ಸಂಶೋಧನೆಯ ಲಿವರ್‌ಮೋರ್ ಲ್ಯಾಬಲ್ಲಿ ಬರೆದಿದ್ದು, ಕಮ್ಮಿ ಎತ್ತರದಿಂದ ಬಿಟ್ಟ ಅಣುಬಾಂಬು ನೆಲಕ್ಕೆ ಬಡಿದಾಗ ಹೆಂಗೆ ನುಜ್ಜಾಗುತ್ತೆ ಅಂತ ನೋಡೋಕೆ. ಕಾರ್ ಕ್ರ್ಯಾಶ್ ಎಲ್ಲಾ ಆಮೇಲೆ ಬಂತು.

ಕಿಡಿ_ಕಿಟ್ಟಿ
ಎಲ್ಲಾ ಸರಿ ಆದ್ರೆ ಒಂದು ಮುಖ್ಯ ವಿಷಯ ಬಿಟ್ರಿ ನೀವಿಬ್ರೂ. ಊರುಗಳನ್ನ ಮುಗಿಸಿದ್ದು ಬ್ಲಾಸ್ಟ್ ಅಲ್ಲ, ಬೆಂಕಿ. ಹ್ಯಾಂಬರ್ಗ್ 1943ರ ಜುಲೈ, ಟೋಕಿಯೋ 1945ರ ಮಾರ್ಚ್ 10, ಟೋಕಿಯೋದಲ್ಲಿ ಒಂದೇ ರಾತ್ರಿ ಸುಮಾರು 41 ಚದರ ಕಿಲೋಮೀಟರ್ ಬೂದಿ, ಸತ್ತೋರು ಲಕ್ಷದ ಹತ್ರ. ಹ್ಯಾಂಬರ್ಗಂಥ ಕಡೆ ಸ್ಫೋಟಕ ಬಾಂಬಿನ ಕೆಲಸ ಛಾವಣಿ ಕಿತ್ತು ಕಿಟಕಿ ಒಡೆಯೋದು, ಆಮೇಲೆ ಕಿಡಿಬಾಂಬು ಒಳಗೆ ಹೋಗಿ ಕೆಲಸ ಮುಗಿಸೋದು. ಇದಕ್ಕೂ ಮಾಡೆಲಿಂಗ್ ಮಾಡಿದ್ರು ಗೊತ್ತಾ, 1943ರಲ್ಲಿ ಅಮೆರಿಕದ ಯೂಟಾ ಮರುಭೂಮಿಯ ಡಗ್‌ವೇನಲ್ಲಿ ಜರ್ಮನ್ ಮನೆ, ಜಪಾನಿ ಮನೆ ಎರಡನ್ನೂ ನಿಜವಾದ ಅಳತೆಗೆ ಪೀಠೋಪಕರಣ ಸಮೇತ ಕಟ್ಟಿ, ಸುಟ್ಟು, ಮತ್ತೆ ಕಟ್ಟಿ ಸುಟ್ಟು ನೋಡಿದ್ರು. ಎರಿಕ್ ಮೆಂಡೆಲ್‌ಸೋನ್, ಆಂಟೊನಿನ್ ರೇಮಂಡ್ ತರದ ಹೆಸರಾಂತ ಆರ್ಕಿಟೆಕ್ಟುಗಳೇ ಕೈ ಜೋಡಿಸಿದ್ರು ಅನ್ನೋದು ಓದಿದ್ರೆ ಹೊಟ್ಟೆ ತೊಳಸುತ್ತೆ.

ಹಂಗಾಗಿ ಸ್ಲ್ಯಾಬ್ ಪ್ರಾಜೆಕ್ಟಿಗೆ ಅಗಲ ರೋಡಿನ ಕಥೆ ಕೂರಲ್ಲ. ಅಗಲ ರೋಡು ಬೆಂಕಿಯ ಉತ್ತರ.

ರೀಬಾರ್_ರಾಯ
ಅಯ್ಯೋ ಹಂಗಾದ್ರೆ ನಾನು ಬರೆಯೋದೇನು ಮತ್ತೆ? ಅಮೆರಿಕದ ಹೈವೇ ಕಥೆ ಹಾಕ್ಲಾ, ಪ್ರತಿ 5 ಮೈಲಿಗೆ 1 ಮೈಲಿ ನೇರ ಇಟ್ಟಿದ್ದು ವಿಮಾನ ಇಳಿಸೋಕೆ ಅಂತಾರಲ್ಲ

ಹಳೇನಕ್ಷೆ
ದಯವಿಟ್ಟು ಅದನ್ನ ಹಾಕ್ಬೇಡಿ, ಶುದ್ಧ ಕಟ್ಟುಕಥೆ, ಅಂಥ ನಿಯಮ ಯಾವತ್ತೂ ಇರ್ಲಿಲ್ಲ. 1951ರಲ್ಲಿ ಟ್ರೂಮನ್ ಸರ್ಕಾರ ಕಾರ್ಖಾನೆಗಳನ್ನ ಚದುರಿಸೋ ನೀತಿ ತಂದಿದ್ದು ಮಾತ್ರ ನಿಜ. ಆದ್ರೆ ಜನ ಊರಾಚೆ ಹೋಗಿದ್ದಕ್ಕೆ ಕಾರು ಮತ್ತೆ ಮನೆ ಸಾಲನೇ ದೊಡ್ಡ ಕಾರಣ, ಹೈಡ್ರೋಜನ್ ಬಾಂಬ್ ಬಂದ್ಮೇಲಂತೂ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಹೋಗಿ ಏನೂ ಪ್ರಯೋಜನ ಇರ್ಲಿಲ್ಲ.

ಮೆಶ್_ಮಾಮ
ನಿಮ್ಮ ಸ್ಲ್ಯಾಬಿಗೆ ಸರಿಹೊಂದೋದು ಇಸ್ರೇಲಿನ ಮಮಾದ್. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಬಿದ್ಮೇಲೆ, 1992ರಿಂದ ಹೊಸ ಮನೆಗಳಿಗೆ ಒಂದು ಗಟ್ಟಿ ಕಾಂಕ್ರೀಟ್ ಕೋಣೆ ಕಡ್ಡಾಯ ಮಾಡಿದ್ರು. ಅಪಾರ್ಟ್‌ಮೆಂಟಲ್ಲಿ ಇವು ಒಂದರ ಮೇಲೊಂದು ಬರೋದ್ರಿಂದ ಇಡೀ ಕಟ್ಟಡದ ನಕ್ಷೆನೇ ಅದರ ಸುತ್ತ ಕೂರುತ್ತೆ. ಜೊತೆಗೆ ಲಂಡನ್ನಿನ ರೋನನ್ ಪಾಯಿಂಟ್, 1968ರ ಮೇ 16, ಅದು ಬಾಂಬಲ್ಲ, ಒಂದು ಅಡುಗೆಮನೆ ಗ್ಯಾಸ್ ಸ್ಫೋಟ, 22 ಮಹಡಿ ಟವರಿನ ಒಂದು ಮೂಲೆ ಪೂರ್ತಿ ಕುಸೀತು. ಸರಣಿ ಕುಸಿತ ತಡೆಯೋ ನಿಯಮ ಬ್ರಿಟನ್ನಲ್ಲಿ ಬಂದಿದ್ದು ಅದರಿಂದಲೇ.

ಹಿನ್ನೆಲೆ ಬಿಡಿ, ಮಾಡೆಲ್ ಕಡೆ ಗಮನ ಕೊಡಿ. ಎಲಿಮೆಂಟ್ ಇರೋಷನ್ (ತುಂಬಾ ಹಾಳಾದ ತುಂಡುಗಳನ್ನ ಮಾಡೆಲಿಂದ ತೆಗೆಯೋ ಆಯ್ಕೆ) ಹಾಕಿ ಚೆನ್ನಾಗಿ ತೂತು ಬಿತ್ತು ಅಂತ ಖುಷಿ ಪಡ್ಬೇಡಿ, ಅದು ಬರೀ ಡಿಲೀಟ್ ಮಾಡೋದು, ಕಾಂಕ್ರೀಟ್ ಒಡೆಯೋ ಫಿಸಿಕ್ಸ್ ಅಲ್ಲ. ಮೆಶ್ (ಮಾಡೆಲನ್ನ ಭಾಗ ಮಾಡಿದ ಚಿಕ್ಕ ತುಂಡುಗಳು) ಸೈಜ್ ಅರ್ಧ ಮಾಡಿ ಮತ್ತೆ ರನ್ ಮಾಡಿ, ತೂತಿನ ಸೈಜ್ ಬದಲಾದ್ರೆ ಫ್ರ್ಯಾಕ್ಚರ್ ಎನರ್ಜಿ (ಬಿರುಕು ಬಿಡೋಕೆ ಬೇಕಾದ ಶಕ್ತಿ) ಸರಿಯಾಗಿ ಹೋಗ್ತಿಲ್ಲ ಅಂತ ಅರ್ಥ. ಸ್ಟ್ರೇನ್ ರೇಟ್ ಕರ್ವ್ (ಲೋಡ್ ವೇಗವಾಗಿ ಬಿದ್ದಾಗ ಕಾಂಕ್ರೀಟಿನ ಬಲ ಎಷ್ಟು ಹೆಚ್ಚುತ್ತೆ ಅನ್ನೋದು) ಎಲ್ಲಿಂದ ತಗೊಂಡಿದೀರಿ, ಯಾವ ಮೆಟೀರಿಯಲ್ ಕಾರ್ಡ್ ಅಂತನೂ ಹಾಕಿ ನೋಡೋಣ.