ಅಪ್‌ಡೇಟ್: ಬಿಸ್ಕತ್ತು ಅವಳೇ ಮಾರಿದಳು

ಮಗಳ ಸ್ಕೌಟ್ಸ್ ಅಂಡ್ ಗೈಡ್ಸ್ ತಂಡದ ಕ್ಯಾಂಪ್ ಖರ್ಚಿಗೆ 40 ಪ್ಯಾಕೆಟ್ ಬೆಣ್ಣೆ ಬಿಸ್ಕತ್ತು ಮಾರಬೇಕು, ಅವಳಿಗೆ ನಾಚಿಕೆ, ನಾನೇ ಆಫೀಸಲ್ಲಿ ಮಾರಿಬಿಡಲಾ ಅಂತ ಇಲ್ಲಿ ಕೇಳಿದ್ದೆ. ಬೇಡ, ಅವಳೇ ಮಾರಲಿ ಅಂದಿರಿ. ಸರಿ ಅನ್ನಿಸಿತು. ಗೈಡ್ಸ್‌ನಲ್ಲಿ ಇದಕ್ಕೆ 'ಖರಿ ಕಮಾಯಿ' ಅಂತಲೇ ಹೆಸರು, ಸ್ವಂತ ದುಡಿಮೆಯ ಗಳಿಕೆ ಅಂತ.

ಭಾನುವಾರ ಬೆಳಿಗ್ಗೆ ದಾವಣಗೆರೆಯ ಕುಂದವಾಡ ಕೆರೆ ಹತ್ತಿರ ನಿಂತೆವು. ವಾಕಿಂಗ್‌ಗೆ ಬಂದವರು ಶುಗರ್ ಇದೆ ಅಂತ ಮುಂದೆ ಹೋದರು. ಮಗು ಮುಖ ಸಪ್ಪಗಾಯಿತು. ಜಾಗ ಆರಿಸಿದ್ದು ನನ್ನ ತಪ್ಪು.

ಸಂಜೆ ನಮ್ಮ ಬೀದಿಯಲ್ಲೇ ಮನೆ ಮನೆಗೆ ಹೋದಳು. ನಾನು ಗೇಟಿನ ಹೊರಗೇ ಇದ್ದೆ. ಒಬ್ಬ ಅಜ್ಜಿ "ಎಷ್ಟವ್ವಾ?" ಅಂದರು. ಸ್ಕಾರ್ಫಿನ ತುದಿ ತಿರುವುತ್ತಾ, "60 ರೂಪಾಯಿ ಅಜ್ಜಿ, ಕ್ಯಾಂಪಿಗೆ ಹೋಗ್ಬೇಕು" ಅಂದಳು. ಅಜ್ಜಿ ಎರಡು ತಗೊಂಡು ಪಕ್ಕದ ಮನೆಯವರನ್ನೂ ಕೂಗಿದರು.

ಒಟ್ಟು 34 ಹೋಯಿತು. ಉಳಿದ 6ಕ್ಕೆ ನಾಳೆ ಹಿಂದಿನ ಬೀದಿಗೆ ಹೋಗ್ತಾಳಂತೆ, ನಾನು ಬರೋದು ಬೇಡವಂತೆ!